ಪಂಜರದ ಪ್ರೀತಿ ಬಹುಮಾನಕ್ಕೆ ಯೋಗ್ಯವೆ?

ಮಂಗಳೂರಿನ ಪುಸ್ತಕದಂಗಡಿಗಳಲ್ಲಿ ದೊರೆಯುವ ಮಕ್ಕಳ ಚಿತ್ರಪುಸ್ತಕಗಳಲ್ಲಿ ಒಂದು ಬಗೆಯದು ವಿಚಾರಣೀಯವಾಗಿದೆ. ನಾಯಿ ಬೆಕ್ಕುಗಳಿಂದ ತೃಪ್ತಿಗೊಳ್ಳದ ಮಗುವೊಂದು ಆಮೆ, ಹಾವು, ಓತಿಕೇತಗಳನ್ನು ಮನೆಗೆ ತರುತ್ತದೆ. ತಾಯಿ ಮೊದಲು ಹೆದರಿ ಕೊನೆಗೆ ನಗುತ್ತಾಳೆ. ಪ್ರಾಣಿದಯೆಯ ಕಥೆಯೆಂದು ನಾವೂ ಮೆಚ್ಚಿ ಪಾಠಶಾಲೆಯ ಬಹುಮಾನಕ್ಕೆ ಕೊಳ್ಳುತ್ತೇವೆ. ವಾಸ್ತವವಾಗಿ ಇದು ದಯೆಯ ಕಥೆಯಲ್ಲ, ಪರಿಗ್ರಹದ ಕಥೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳಿಗಿಂತ ಮೊದಲು ನಿಲ್ಲುವುದು ಬಂಧ. ಹೊಡೆಯದೆ, ಹಸಿವಿಗಿಡದೆ, ಕೇವಲ ಕೂಡಿಹಾಕಿದರೂ ವ್ರತಕ್ಕೆ ದೋಷ ತಗಲುತ್ತದೆ.

ಮಗು ಪ್ರೀತಿಯಿಂದ ಸಾಕುತ್ತದೆಯಲ್ಲ ಎನ್ನುವವರುಂಟು. ಬೀದಿಯಲ್ಲಿ ಗಾಯಗೊಂಡ ನಾಯಿಮರಿಗೆ ಆಶ್ರಯ ಕೊಡುವುದು ಬೇರೆ, ಹಣ ತೆತ್ತು ಬಂದಿಯೊಂದನ್ನು ತರುವುದು ಬೇರೆ. ಒಂದು ಮಾರಾಟವಾದರೆ ಆ ಜಾಗಕ್ಕೆ ಇನ್ನೊಂದನ್ನು ಹಿಡಿದು ತರುತ್ತಾರೆ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ 2019ರಲ್ಲಿ ನಿಷೇಧ ಬಂದುದು ಈ ಕಾರಣಕ್ಕೇ. ನಮ್ಮ ಅಂಗಳದ ಗಿಳಿಯನ್ನು ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇನ್ನು ಅಂಗಡಿಗಳ ಕೆಂಪುಕಿವಿಯ ಆಮೆ ಅಮೆರಿಕದ್ದು. ಅಂಗೈಯಲ್ಲಿ ಹಿಡಿಸುತ್ತಿದ್ದ ಮರಿ ಊಟದ ತಟ್ಟೆಯಷ್ಟು ಬೆಳೆದಾಗ ಬೇಸತ್ತವರು ಅದನ್ನು ಕೆರೆಗೆ ಬಿಡುತ್ತಾರೆ. ಅಲ್ಲಿ ಅದು ಸ್ಥಳೀಯ ಆಮೆಗಳ ಆಹಾರಕ್ಕೂ ನೆಲೆಗೂ ಪೈಪೋಟಿಯಾಗುತ್ತದೆ. ಇದನ್ನು ಅಭಯದಾನವೆಂದು ಭಾವಿಸುವುದೂ ಉಂಟು!

ಆಹಾರದ ಮಾತನ್ನಂತೂ ಆ ಪುಸ್ತಕಗಳು ಎತ್ತುವುದೇ ಇಲ್ಲ. ಹಾವಿಗೆ ಇಲಿ ಬೇಕು, ಅರೋವಾನಾ ಮೀನಿಗೆ ಸಣ್ಣ ಜೀವಗಳು ಬೇಕು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ನೀರು ಸೋಸಿ ಕುಡಿಯುವ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಳಗೆ ಜೀವಂತ ಮೀನನ್ನು ಆಹಾರವಾಗಿ ಬಿಡುವುದು ಯಾವ ಶ್ರಾವಕಾಚಾರ?

ನಮ್ಮಲ್ಲಿ ಕಥೆಗಳಿಗೆ ಬರಗಾಲವೆ? ವಿವಾಹದ ಭೋಜನಕ್ಕೆಂದು ಕೂಡಿಹಾಕಿದ್ದ ಮೃಗಗಳ ಆಕ್ರಂದನ ಕೇಳಿ ರಥ ತಿರುಗಿಸಿ ಗಿರನಾರಕ್ಕೆ ನಡೆದ ನೇಮಿನಾಥರ ಕಥೆಯನ್ನು ಕರ್ಣಪಾರ್ಯ, ನೇಮಿಚಂದ್ರರಂಥ ಕವಿಗಳು ಕನ್ನಡಕ್ಕೆ ಕೊಟ್ಟಿದ್ದಾರೆ. ಆಮೆ ಬೇಕೆಂದು ಹಟ ಹಿಡಿಯುವ ಮಗುವಿಗೆ ಮುನಿಸುವ್ರತರ ಲಾಂಛನವನ್ನು ತೋರಿಸಬಹುದು. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ಗುಣವಾದ ಹಕ್ಕಿಯನ್ನು ಆಗಸಕ್ಕೆ ಬಿಡುತ್ತಾರೆ; ಅದೂ ಒಳ್ಳೆಯ ಚಿತ್ರಪುಸ್ತಕವಾದೀತು.

ಮಂಗಳೂರು, ಮೂಡುಬಿದಿರೆ, ಕಾರ್ಕಳಗಳ ಬಸದಿ ಟ್ರಸ್ಟುಗಳು ಮುಂದಿನ ಮಹಾವೀರ ಜಯಂತಿಯ ಬಹುಮಾನಗಳಿಗೆ ಪುಸ್ತಕ ಕೊಳ್ಳುವ ಮುನ್ನ ಒಬ್ಬರಾದರೂ ಅದನ್ನು ಕೊನೆಯ ಪುಟದವರೆಗೆ ಓದಲಿ. ಕಥೆ ಮುಗಿಯುವಾಗ ಪ್ರಾಣಿ ಎಲ್ಲಿದೆ, ಪೆಟ್ಟಿಗೆಯ ಒಳಗೋ ಹೊರಗೋ ಎಂದು ನೋಡಲಿ.