ಮಂತ್ರಿಯ ಮಗುವಿನ ಕಾಯಿಲೆ ಊರ ಸುದ್ದಿಯೇ?

ನಮ್ಮ ಕಾಸರಗೋಡು ಕಡೆಯ ಬಸ್ಸಿನಲ್ಲಿ ಯಾರಾದರೂ ಮಂತ್ರಿಯ ಮಾತು ಬಂತೆಂದರೆ, ಸ್ವಲ್ಪದರಲ್ಲೇ ಅವರ ಮನೆಯೊಳಗಿನ ವಿಚಾರವೂ ಬರುತ್ತದೆ. ‘ಅವರ ಮಗುವಿಗೆ ಎಂಥದೋ ಸೀಕಂತೆ, ಹೌದಾ ಮಾರಾಯ್ರೇ?’ ಕೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಇದೇ ಕುತೂಹಲ ಪತ್ರಿಕೆಯ ಪುಟ ಏರಿದರೆ ಏನಾಗುತ್ತದೆ? ಬ್ರಿಟನ್ನಿನ ಎರಡು ಪ್ರಕರಣಗಳನ್ನು ನೋಡಬೇಕು.

2006ರ ಜುಲೈಯಲ್ಲಿ ಅಲ್ಲಿನ ಆಗಿನ ಹಣಕಾಸು ಮಂತ್ರಿ ಗೋರ್ಡನ್ ಬ್ರೌನ್ ಅವರಿಗೆ ಗಂಡುಮಗು ಹುಟ್ಟಿತು. ನಾಲ್ಕೇ ತಿಂಗಳಲ್ಲಿ ‘ದಿ ಸನ್’ ಪತ್ರಿಕೆ, ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇದೆಯೆಂದು ಪ್ರಕಟಿಸಿತು. ಹೆತ್ತವರ ಒಪ್ಪಿಗೆ ಇತ್ತೆಂದು ಪತ್ರಿಕೆಯ ವಾದ. ಇರಲಿಲ್ಲವೆಂದು ಬ್ರೌನ್ 2012ರಲ್ಲಿ ಲೆವೆಸನ್ ವಿಚಾರಣೆಯೆದುರು ಹೇಳಿದರು. ತನ್ನ ಸಿಬ್ಬಂದಿಯೊಬ್ಬರು ಅನುಮತಿಯಿಲ್ಲದೆ ಬಾಯಿಬಿಟ್ಟಿರುವ ಸಾಧ್ಯತೆ ಬಹಳವೆಂದು ಅಲ್ಲಿನ ಆರೋಗ್ಯ ಮಂಡಳಿಯೂ ಒಪ್ಪಿತು. ಆ ಕಾಯಿಲೆಯಿಂದ ಬಜೆಟ್ಟಿನ ಒಂದು ಅಂಕಿಯೂ ಬದಲಾಗುವಂತಿರಲಿಲ್ಲ. ತಿಳಿದು ಜನರಿಗೆ ಬಂದ ಲಾಭವೇನು?

ಎರಡನೆಯದು ಅಷ್ಟು ಸುಲಭದ್ದಲ್ಲ. ದಡಾರದ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆಂಬ ಸುಳ್ಳು ಭೀತಿ 1998ರಿಂದ ಹಬ್ಬಿತ್ತು. ಲಸಿಕೆ ಹಾಕಿಸಿರೆಂದು ಸರಕಾರ ಹೇಳುತ್ತಿತ್ತು. ನಿಮ್ಮ ಮಗನಿಗೆ ಹಾಕಿಸಿದಿರಾ ಎಂದು 2001ರ ಕೊನೆಗೆ ಕೇಳಿದರೆ ಪ್ರಧಾನಿ ಟೋನಿ ಬ್ಲೇರ್ ಉತ್ತರಿಸಲಿಲ್ಲ. ಹಾಕಿಸಿದ್ದೆವೆಂದು ಅವರ ಪತ್ನಿ ತಿಳಿಸಿದ್ದು 2008ರಲ್ಲಿ. ಇಲ್ಲಿ ಜನ ಕೇಳಿದ್ದು ಮಗುವಿನ ರೋಗವನ್ನಲ್ಲ, ಅಪ್ಪನ ನುಡಿಗೂ ನಡೆಗೂ ತಾಳೆ ಉಂಟೋ ಎಂದು. ಅದು ನ್ಯಾಯವಾದ ಪ್ರಶ್ನೆ. ‘ಹೌದು’ ಎಂಬ ಒಂದೇ ಮಾತು ಸಾಕಿತ್ತು.

ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಂತ್ರಿಯ ಮಗುವೂ ಪ್ರಜೆಯೇ. ಅದು ಓಟಿಗೆ ನಿಂತದ್ದಲ್ಲವಲ್ಲ!

ಹಾಗಾದರೆ ಮಕ್ಕಳ ಕಾಯಿಲೆ ಎಂದೂ ಹೊರಗೆ ಬರಬಾರದೋ? ಎಣ್ಮಕಜೆಯ ತಾಯಂದಿರು ಒಪ್ಪಲಿಕ್ಕಿಲ್ಲ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನಾಡು ಇದು. ಜಿಲ್ಲೆಯ ತಾಯಂದಿರು ಪರಿಹಾರಕ್ಕಾಗಿ 2016ರಲ್ಲೂ 2019ರಲ್ಲೂ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಕೂತರು. ಮಗುವಿನ ನೋವನ್ನು ನಾಲ್ಕು ಜನರೆದುರು ಇಡುವುದು ಅವರಿಗೇನು ಸುಖವೇ? ಬೇರೆ ದಾರಿ ಇರಲಿಲ್ಲ. ಆದರೆ ಅಲ್ಲಿ ಬಾಗಿಲು ತೆರೆದದ್ದು ತಾಯಿ, ಮಗುವಿನ ಒಳಿತಿಗಾಗಿ. ಬ್ರೌನ್ ಮನೆಯ ಬಾಗಿಲು ದೂಡಿದ್ದು ಹೊರಗಿನವರು, ಮಾರಾಟಕ್ಕಾಗಿ.

ಆದ್ದರಿಂದ ಮಂತ್ರಿಗಳ ಲೆಕ್ಕ ಕೇಳುವುದನ್ನು ಬಿಡಬೇಕಾಗಿಲ್ಲ. ಚಿಕಿತ್ಸೆಗೆ ಸರಕಾರದ ದುಡ್ಡು ಹೋಯಿತೋ, ಎಷ್ಟು ಹೋಯಿತು, ಯಾವ ನಿಯಮದಲ್ಲಿ ಹೋಯಿತು, ಎಲ್ಲ ಕೇಳಿ. ಆ ಲೆಕ್ಕಕ್ಕೆ ಮಗುವಿನ ರೋಗದ ಹೆಸರು ಬೇಕಾಗುವುದಿಲ್ಲ.