ದೊಡ್ಡ ಕುರುಡಿಗಳೆಲ್ಲ ತಾಯಂದಿರೇ

ನಮ್ಮ ಕುಂದಾಪುರ ಕಡೆಯ ಕುರುಡಿ ಮೀನಿಗೆ ಇಲ್ಲಿ ಚೆನ್ನೈನಲ್ಲಿ ಕೊಡುವಾ ಎನ್ನುತ್ತಾರೆ. ಮುಂಬೈಯಲ್ಲಿ ಅದೇ ಜಿತಾಡ, ಹೈದರಾಬಾದಿನಲ್ಲಿ ಪಂಡುಗಪ್ಪ, ಗೋವಾದಲ್ಲಿ ಚೊಣಕ್, ಕೋಲ್ಕತ್ತದಲ್ಲಿ ಭೇಟ್ಕಿ. ಊರು ಯಾವುದಾದರೂ ಸರಿ, ದೊಡ್ಡದು ಸಿಕ್ಕರೆ ಸಂಭ್ರಮ. ಕಳೆದ ಮಳೆಗಾಲ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಬಂತು. ಅಳಿವೆಯಲ್ಲಿ ಬಲೆಗೆ ಬಿದ್ದ ಕುರುಡಿ. ಹಿಡಿದು ನಿಂತ ಹುಡುಗನ ಎದೆಯಿಂದ ಮೊಣಕಾಲು ದಾಟುವಷ್ಟು ಉದ್ದ. ಹೆಬ್ಬೆರಳು ಎತ್ತಿದವರಲ್ಲಿ ನಾನೂ ಒಬ್ಬ.

ಅಷ್ಟು ದೊಡ್ಡ ಕುರುಡಿ ಹೆಣ್ಣೆಂದು ಹೊಟ್ಟೆ ಸೀಳದೆಯೇ ಬಹುಮಟ್ಟಿಗೆ ಹೇಳಬಹುದು. ಈ ಮೀನು ಮೂರು-ನಾಲ್ಕು ವರ್ಷಕ್ಕೆ ಗಂಡಾಗಿ ಬಲಿಯುತ್ತದೆ. ಆರರಿಂದ ಎಂಟು ವರ್ಷಕ್ಕೆ, ಸಾಮಾನ್ಯವಾಗಿ 85ರಿಂದ 100 ಸೆಂ.ಮೀ. ಉದ್ದವಾಗುವಾಗ, ಅದೇ ಮೀನು ಹೆಣ್ಣಾಗುತ್ತದೆ. ಪ್ರಕೃತಿಯ ಲೆಕ್ಕ ಸರಿಯಾಗಿಯೇ ಇದೆ: ವೀರ್ಯಕ್ಕೆ ಸಣ್ಣ ದೇಹ ಸಾಕು, ಮೊಟ್ಟೆಗೆ ಹೊಟ್ಟೆಯಲ್ಲಿ ಜಾಗ ಬೇಕು. ದೊಡ್ಡ ಹೆಣ್ಣು ಕೋಟಿಗೂ ಮೀರಿ ಮೊಟ್ಟೆ ಇಡಬಲ್ಲದು. ತೂಕ ಹೆಚ್ಚಿದಷ್ಟೇ ಮೊಟ್ಟೆ ಹೆಚ್ಚುತ್ತದೆ ಎಂಬ ಹಳೆಯ ಎಣಿಕೆಯನ್ನೂ 342 ಜಾತಿಯ ಮೀನುಗಳನ್ನು ನೋಡಿದ 2018ರ ಒಂದು ಅಧ್ಯಯನ ತಿದ್ದಿದೆ. ಬಹುತೇಕ ಜಾತಿಗಳಲ್ಲಿ ದೊಡ್ಡ ತಾಯಿಯ ಕಾಣಿಕೆ ಅವಳ ತೂಕವನ್ನೂ ಮೀರಿ ಏರುತ್ತದೆ.

ಸಣ್ಣ ಮೀನು ಹಿಡಿಯಬೇಡಿ ಎಂಬುದು ನಾವೆಲ್ಲ ಕೇಳಿದ ಮಾತು. ಬಂಗುಡೆಗೆ, ಬೂತಾಯಿಗೆ ಅದು ಸರಿ. ಕುರುಡಿಗೆ ಅದು ಅರ್ಧ ಮಾತು. ಮರಿಗಳನ್ನು ಉಳಿಸಿ ದೊಡ್ಡದನ್ನೆಲ್ಲ ಬಾಚಿದರೆ ಹೊಳೆಯಲ್ಲಿ ಉಳಿಯುವುದು ಗಂಡುಗಳು ಮಾತ್ರ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ ಇದೇ ಮೀನಿಗೆ (ಅಲ್ಲಿ ಬಾರಮುಂಡಿ) ಎರಡೂ ತುದಿಗೆ ಗೆರೆ ಎಳೆದಿದೆ: 58 ಸೆಂ.ಮೀ.ಗಿಂತ ಚಿಕ್ಕದನ್ನೂ 120 ಸೆಂ.ಮೀ.ಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ. ನಮ್ಮಲ್ಲೂ ಮೇಲಿನ ಗೆರೆ ಬೇಕು ಎಂಬುದು ನನ್ನ ವಾದ.

ಅದರ ಭಾರವನ್ನೆಲ್ಲ ನಾಡದೋಣಿಯವರ ತಲೆಗೆ ಹೊರಿಸುವುದು ಮಾತ್ರ ಅನ್ಯಾಯ. ಕುರುಡಿ ಮೊಟ್ಟೆಯಿಡಲು ಅಳಿವೆಗೆ ಇಳಿಯುವುದು ಮಳೆಗಾಲದಲ್ಲಿ. ಜೂನ್-ಜುಲೈನ 61 ದಿನಗಳ ನಿಷೇಧ ಯಾಂತ್ರಿಕ ದೋಣಿಗಳಿಗೆ. ಆಗ ಅಳಿವೆಯಲ್ಲಿ ಬಲೆ ಬಿಡುವುದು ನಾಡದೋಣಿಯವರೇ, ಅವರ ಒಲೆ ಉರಿಯುವುದೂ ಅದರಿಂದಲೇ. ಬಲೆಯಲ್ಲಿ ಸತ್ತ ಮೀನನ್ನು ನೀರಿಗೆ ಬಿಡಿ ಎಂದು ಯಾವ ಬಾಯಲ್ಲಿ ಹೇಳುವುದು? ಕೊಳ್ಳುವ ನಮಗೆ ಹೇಳುವುದು ಸುಲಭ. ಮೂರು ಜನರ ಫ್ಲ್ಯಾಟಿಗೆ ಹತ್ತು ಕಿಲೋ ಮೀನನ್ನು ನಾಲ್ಕು ಮನೆಯವರು ಪಾಲು ಹಾಕಿ ಕೊಳ್ಳುವವರು ನಾವೇ ತಾನೆ? ಬೇರೆ ದಾರಿಯೂ ಇದೆ. ಚೆನ್ನೈನ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ 1997ರಲ್ಲೇ ಈ ಮೀನಿನ ಮರಿ ಮಾಡಿಸಿತು. ಇಂದು ಕೊಳದಲ್ಲಿ, ಪಂಜರದಲ್ಲಿ ಸಾಕಿದ ಒಂದೆರಡು ಕಿಲೋ ಮೀನು ಬೇಕಾದಷ್ಟು ಬರುತ್ತದೆ. ರುಚಿ ಹೊಳೆಯದರಷ್ಟು ಇಲ್ಲ, ಒಪ್ಪುತ್ತೇನೆ. ಹುಳಿ-ಖಾರ ಸ್ವಲ್ಪ ಮುಂದಾಗಿ ಹಾಕಿದರೆ ಅನ್ನಕ್ಕೆ ನಡೆಯುತ್ತದೆ.

ಹೋದ ಭಾನುವಾರ ಕಾಸಿಮೇಡಿನಲ್ಲಿ ಮೀನು ಮಾರುವ ಅಕ್ಕ ಐಸಿನಡಿಯಿಂದ ದೊಡ್ಡ ಕೊಡುವಾ ಎಳೆದು ತೋರಿಸಿದಳು. ಸಾಕಿದ್ದೇ ಕೊಡು, ಒಂದೂವರೆ ಕಿಲೋದ್ದು ಎಂದೆ. ಸಂಬಳ ಇನ್ನೂ ಆಗಿಲ್ಲವೇ ಎಂದು ನಕ್ಕಳು.