ಹೊಳಪೂ ಹಿಡಿತವೂ

ಕಳೆದ ಸಂಚಿಕೆಯಲ್ಲಿ ನೀರು ಸೋಸುವ ಯಂತ್ರದ ವಿಚಾರ ಬರೆದು ಮುಗಿಸುವಾಗ, ಮುಂದಿನ ಸಲ ಕೂಲರಿಗೆ ಕಟ್ಟುವ ಲಾವಂಚದ ತಟ್ಟಿಯ ವಿಷಯ ಹೇಳುತ್ತೇವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತನ್ನು ಈ ಸಲ ಉಳಿಸಿಕೊಳ್ಳಲಾರೆವು; ಮನ್ನಿಸಬೇಕು. ನಡುವೆ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆದುಹೋಯಿತು. ಕಾರು ಇಟ್ಟುಕೊಂಡಿರುವ ನಮ್ಮವರಿಗೆಲ್ಲ ಅದನ್ನು ಹೇಳಿಬಿಡುವುದು ಲಾವಂಚಕ್ಕಿಂತ ಜರೂರಿನ ಕೆಲಸವೆಂದು ತೋರಿತು.

ಕಾಶಿಯಲ್ಲಿ ಸಂಸಾರ ಹೂಡಿದ ಕನ್ನಡಿಗನಿಗೆ ನೆಂಟರ ಬರವೆಂಬುದಿಲ್ಲ. ಊರಿನಲ್ಲಿದ್ದಾಗ ಮುಖ ತೋರಿಸದವರೂ ಇಲ್ಲಿಗೆ ಬಂದಾಗ ಸೋದರತ್ತೆಯ ಮಕ್ಕಳಾಗುತ್ತಾರೆ. ಬರಲಿ, ಸಂತೋಷವೇ. ಅವರನ್ನು ಸ್ಟೇಷನ್ನಿನಿಂದ ಹನುಮಾನ್ ಘಾಟಿನ ಕಡೆಗೋ, ಜಂಗಮವಾಡಿ ಮಠದ ಕಡೆಗೋ, ಸಾರನಾಥಕ್ಕೋ ಕರೆದೊಯ್ಯಲು ಅನುಕೂಲವಾಗಲೆಂದು ಹೋದ ವರ್ಷ ಕಚೇರಿಯ ಸಹಕಾರ ಸಂಘದಲ್ಲಿ ಸಾಲ ತೆಗೆದು, ಬೇರೊಬ್ಬರು ಆರು ವರ್ಷ ಓಡಿಸಿದ್ದ ಸಣ್ಣ ಕಾರೊಂದನ್ನು ಕೊಂಡೆವು. ಗಲ್ಲಿಯ ಬಾಯಿಯವರೆಗೆ ಕಾರು, ಅಲ್ಲಿಂದ ಮುಂದೆ ಕಾಲು. ಗುಮಾಸ್ತೆಯ ಸಂಬಳಕ್ಕೆ ಅದೇ ಐರಾವತ.

ಯಾತ್ರಿಕರು ಇಳಿದುಹೋದ ಮೇಲೆ ಐರಾವತದ ಹೊಟ್ಟೆಯಲ್ಲಿ ಉಳಿಯುವ ವಸ್ತುಗಳನ್ನು ಪಟ್ಟಿ ಮಾಡಬಹುದು: ಗಂಗೆಯ ಮರಳು, ವಿಭೂತಿ, ಕುಂಕುಮ, ಚೆಂಡುಹೂವಿನ ಎಸಳು, ಮುಚ್ಚಳ ಸಡಿಲವಾದ ಗಿಂಡಿಯಿಂದ ಸೋರಿದ ತೀರ್ಥ, ಕುಲ್ಹಡಿನಿಂದ ತುಳುಕಿದ ಲಸ್ಸಿ, ಮತ್ತು, ಬನಾರಸಿಗೆ ಬಂದು ಹಾಕದೆ ಹೋದರೆ ಹೇಗೆಂದು ಹಾಕಿದ ಪಾನಿನ ಕೆಂಪು. ಇಷ್ಟನ್ನೂ ಸಹಿಸಿಕೊಂಡಿದ್ದೆವು. ಆದರೆ ಈ ಫಾಲ್ಗುಣದಲ್ಲಿ ಹಾಸನದಿಂದ ನಮ್ಮ ತಾಯಿಯವರೇ ಬರುತ್ತಾರೆಂದು ಕಾಗದ ಬಂದಾಗ ನಮ್ಮ ಕಣ್ಣಿಗೆ ಕಾರು ಇದ್ದಕ್ಕಿದ್ದಂತೆ ಬಹಳ ಹಳೆಯದಾಗಿ ಕಂಡಿತು. ಮಗ ಕಾರು ಕೊಂಡಿದ್ದಾನೆಂದು ಅವರು ಬೀದಿಗೆಲ್ಲ ಹೇಳಿಕೊಂಡಿದ್ದರು. ಆ ಮಾತಿಗೆ ತಕ್ಕ ಹೊಳಪು ಬೇಡವೆ?

ಪೇಟೆಯ ಮೋಟಾರು ಸಾಮಾನಿನ ಅಂಗಡಿಗೆ ಹೋದೆವು. ಗೋಡೆಯ ತುಂಬ ಸೀಸೆಗಳು. ಡ್ಯಾಷ್‌ಬೋರ್ಡಿಗೊಂದು, ಸೀಟಿಗೊಂದು, ಗಾಜಿಗೊಂದು, ವಾಸನೆಗೊಂದು. ಅಂಗಡಿಯಾತ ಒಂದನ್ನು ಕೈಗಿತ್ತು, “ಬಾಬೂಜಿ, ಯೇ ಏಕ್ ಹೀ ಕಾಫೀ ಹೈ, ಶೀಶಾ ಹೋ ಜಾಯೇಗಾ” ಎಂದ. ಒಂದೇ ಸೀಸೆಯಲ್ಲಿ ಎಲ್ಲ ಮುಗಿಯುವುದಾದರೆ ಗುಮಾಸ್ತೆಗೆ ಬೇರೇನು ಬೇಕು? ಭಾನುವಾರ ಕುಳಿತು ಡ್ಯಾಷ್‌ಬೋರ್ಡು, ಬಾಗಿಲು, ರೆಕ್ಸಿನ್ ಸೀಟು, ಸ್ಟಿಯರಿಂಗ್, ಗೇರಿನ ಹಿಡಿ, ಕೊನೆಗೆ ಕಾಲಿನ ಪೆಡಲುಗಳವರೆಗೆ ಒಂದನ್ನೂ ಬಿಡದೆ ಬಳಿದೆವು. ಕಾರು ನಿಜವಾಗಿಯೂ ಕನ್ನಡಿಯಾಯಿತು. ನಮ್ಮ ಮನೆಯಾಕೆ ಬಾಗಿಲಿನಲ್ಲಿ ನಿಂತು ನೋಡಿ, “ರೀ, ಸೀಸೆಯ ಮೇಲೆ ಏನೋ ಬರೆದಿದೆಯಲ್ಲ, ಓದಿದಿರಾ?” ಎಂದಳು. ದಿನವೆಲ್ಲ ಕಚೇರಿಯಲ್ಲಿ ಓದುವುದೇ ಆಯಿತು, ಭಾನುವಾರವೂ ಓದಬೇಕೆ ಎಂದು ಕೇಳಿದೆವು.

ಸೋಮವಾರ ರಜೆ ಹಾಕಿ ತಾಯಿಯವರನ್ನು ದುರ್ಗಾಕುಂಡಕ್ಕೆ ಕರೆದೊಯ್ದೆವು. ಹೋಗುವಾಗಲೇ ಅವರು, “ಏನೋ ಇದು, ಕೂತ್ರೆ ಜಾರುತ್ತಲ್ಲೋ ಮಗು” ಎಂದರು. ಹೊಸ ಹೊಳಪು, ಅಭ್ಯಾಸವಾಗುತ್ತದೆ ಎಂದೆವು. ದರ್ಶನ ಮುಗಿಸಿ ಲಂಕಾದ ಕಡೆಗೆ ಹಿಂದಿರುಗುವಾಗ ನಡು ಮಧ್ಯಾಹ್ನ. ಡ್ಯಾಷ್‌ಬೋರ್ಡಿನ ಹೊಳಪು ಬಿಸಿಲಿಗೆ ಮುಂದಿನ ಗಾಜಿನ ಮೇಲೆ ಬಿದ್ದು, ರಸ್ತೆಯ ಅರ್ಧ ಭಾಗ ಬೆಳ್ಳಗೆ ಮಂಜು ಕವಿದಂತೆ ಕಾಣುತ್ತಿತ್ತು. ಶಾಲೆ ಬಿಟ್ಟ ಹೊತ್ತು. ಸೈಕಲ್ಲಿನ ಮೇಲೆ ಒಂದು ಹುಡುಗಿ ಎಡಗಡೆಯಿಂದ ಅಡ್ಡ ಬಂದಳು. ಬ್ರೇಕು ಒತ್ತಿದೆವು. ಗುಡಿಯ ಬಳಿ ಚೆಲ್ಲಿದ್ದ ನೀರಿನಲ್ಲಿ ಚಪ್ಪಲಿಯ ಅಟ್ಟೆ ಒದ್ದೆಯಾಗಿತ್ತು. ಪೆಡಲಿನ ಮೇಲೆ ಆ ಎಣ್ಣೆಯಂಥ ಪದರ. ಕಾಲು ಜಾರಿತು. ಎರಡನೆಯ ಸಲ ಒತ್ತಿದಾಗ ಕಾರು ನಿಂತಿತು. ನಿಂತ ಕಾರಿಗೂ ಆ ಸೈಕಲ್ಲಿನ ಚಕ್ರಕ್ಕೂ ನಡುವೆ ಒಂದು ಗೇಣಿತ್ತು, ಹೆಚ್ಚಿರಲಿಲ್ಲ.

ಹುಡುಗಿ ನಮ್ಮನ್ನು ಒಮ್ಮೆ ನೋಡಿ ಸೈಕಲ್ ತುಳಿದುಕೊಂಡು ಹೋದಳು. ಬೈದಿದ್ದರೂ ಎಷ್ಟೋ ಹಗುರವಾಗುತ್ತಿತ್ತು. ತಾಯಿಯವರು ಬೆಲ್ಟಿನಲ್ಲಿ ಸಿಕ್ಕಿ, ಸೀಟಿನಿಂದ ಅರ್ಧ ಜಾರಿ ಕುಳಿತಿದ್ದರು. ಮನೆಗೆ ಬರುವವರೆಗೆ ಒಂದು ಮಾತಾಡಲಿಲ್ಲ. ಸಂಜೆ ದೀಪ ಹಚ್ಚಿ ಬಂದು, “ಅಲ್ಲ ಕಣೋ, ನಡುಮನೆ ಕೆಂಪು ನೆಲಕ್ಕೆ ನಾನೂ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದ್ದೀನಿ. ಬಚ್ಚಲ ಕಲ್ಲಿಗೆ ಯಾರಾದ್ರೂ ಹಚ್ತಾರೇನೋ?” ಎಂದರು. ಬಿ.ಎ. ಪಾಸು ಮಾಡಿದ ನಮಗೆ ಉತ್ತರ ತೋಚಲಿಲ್ಲ.

ಆ ರಾತ್ರಿ ಸೀಸೆಯನ್ನು ದೀಪದ ಕೆಳಗಿಟ್ಟು ಓದಿದೆವು. ಇರುವೆಯ ಸಾಲಿನಂಥ ಅಕ್ಷರಗಳಲ್ಲಿ, ಸ್ಟಿಯರಿಂಗಿಗೂ ಪೆಡಲಿಗೂ ಹಚ್ಚಬಾರದೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ತಪ್ಪು ಸೀಸೆಯದಲ್ಲ. ಮಾರನೆಯ ದಿನ ಪೆಡಲು, ಸ್ಟಿಯರಿಂಗುಗಳನ್ನು ಸೋಪಿನ ನೀರಿನಿಂದ ಮೂರು ಬಾರಿ ಉಜ್ಜಿದೆವು. ಬಳಿಕ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರ ಹೇಳುವ ನಮ್ಮ ಸ್ನೇಹಿತರೊಬ್ಬರನ್ನು ಕಂಡು ಕೇಳಿ, ಕಾರಿನ ಜೊತೆ ಬಂದಿದ್ದ ಕೈಪಿಡಿಯನ್ನೂ ಓದಿ, ಕಲಿತುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲನೆಯ ಮಾತು: ಹೊಳಪು ಬೇರೆ, ರಕ್ಷಣೆ ಬೇರೆ. ಹೊಳಪು ಕೊಡುವ ಸೀಸೆಗಳಲ್ಲಿ ಬಹುಪಾಲು ಸಿಲಿಕೋನ್ ಎಂಬ ಎಣ್ಣೆಯಂಥ ಪದಾರ್ಥವಿರುತ್ತದೆ. ಅದು ಒಣಗುವುದಿಲ್ಲ, ಜಾರುತ್ತದೆ, ದೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಡ್ಯಾಷ್‌ಬೋರ್ಡಿನ ನಿಜವಾದ ಶತ್ರು ಬಿಸಿಲು. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಬಣ್ಣ ಕೆಡಿಸಿ ಬಿರುಕು ಬಿಡಿಸುತ್ತದೆ. ಕಾವು ಅದನ್ನು ಮೆತ್ತಗಿಡುವ ದ್ರವ್ಯಗಳನ್ನು ಹೊರಗೆಳೆಯುತ್ತದೆ. ಬೇಸಗೆಯಲ್ಲಿ ಮುಂದಿನ ಗಾಜಿನ ಒಳಮೈಗೆ ಜಿಡ್ಡಿನ ಮಬ್ಬು ಕಟ್ಟುವುದನ್ನು ನೋಡಿದ್ದೀರಲ್ಲ, ಅದು ಇದೇ ದ್ರವ್ಯ ಆವಿಯಾಗಿ ಹೋಗಿ ಕುಳಿತದ್ದು.

ಆದುದರಿಂದ ಕೊಳ್ಳುವುದಾದರೆ ನೀರಿನ ಆಧಾರದ್ದು, ಅತಿನೇರಳೆ ಕಿರಣ ತಡೆಯುವುದು, ಹೊಳಪಿಲ್ಲದ ‘ಮ್ಯಾಟ್’ ಬಗೆಯದು, ಈ ಮೂರನ್ನು ನೋಡಿ ಕೊಳ್ಳಿ. ಹಚ್ಚುವ ಮೊದಲು ದೂಳು ತೆಗೆಯಬೇಕು. ನಮ್ಮ ಬನಾರಸಿನ ದೂಳಿನಲ್ಲಿ ಮರಳುಂಟು. ಒಣ ಬಟ್ಟೆಯಿಂದ ಒತ್ತಿ ಒರೆಸಿದರೆ ಉಜ್ಜುಕಾಗದದಂತೆ ಗೀರುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಕೊಡವಿ, ದೂಳೆಳೆಯುವ ಯಂತ್ರವಿದ್ದರೆ ಎಳೆದು, ಆಮೇಲೆ ಒಂದು ಮಗ್ಗು ನೀರಿಗೆ ಎರಡು ತೊಟ್ಟು ಸೌಮ್ಯವಾದ ದ್ರವ ಸೋಪು ಹಾಕಿ, ಬಟ್ಟೆಯನ್ನು ಹಿಂಡಿ ಒರೆಸಿ, ಇನ್ನೊಂದು ಬಟ್ಟೆಯಿಂದ ಒಣಗಿಸಿ. ಹತ್ತರಲ್ಲಿ ಎಂಟು ಸಲ ಇಷ್ಟೇ ಸಾಕು. ಔಷಧಿಯನ್ನು ನೇರವಾಗಿ ಚಿಮುಕಿಸಬೇಡಿ. ಬಟ್ಟೆಗೆ ಹಾಕಿಕೊಂಡು ತೆಳ್ಳಗೆ ಸವರಿ. ಚಿಮುಕಿಸಿದ್ದು ಗಾಜಿಗೂ ಸ್ವಿಚ್ಚುಗಳ ಸಂದಿಗೂ ಹೋಗುತ್ತದೆ. ಕೊಬ್ಬರಿ ಎಣ್ಣೆ ನಡುಮನೆಯ ನೆಲಕ್ಕೆ ಸರಿ, ಡ್ಯಾಷ್‌ಬೋರ್ಡಿಗೆ ಸಲ್ಲದು. ಎರಡು ದಿನದಲ್ಲಿ ದೂಳು ಮೆತ್ತಿ ಅಂಟಾಗಿ, ಕಮಟು ವಾಸನೆ ಬರುತ್ತದೆ.

ಎರಡನೆಯದು ಬಚ್ಚಲ ಕಲ್ಲಿನ ನಿಯಮ. ಕೈಯೋ ಕಾಲೋ ಹಿಡಿತಕ್ಕಾಗಿ ಮುಟ್ಟುವ ಯಾವುದಕ್ಕೂ ಹೊಳಪು ಹಚ್ಚಕೂಡದು. ಸ್ಟಿಯರಿಂಗ್, ಪೆಡಲು, ಗೇರಿನ ಹಿಡಿ, ಕೈಬ್ರೇಕು, ಕಾಲಡಿಯ ರಬ್ಬರು ಹಾಸು ಇವುಗಳಿಗೆ ಸೋಪಿನ ನೀರು, ಒಣ ಬಟ್ಟೆ, ಮುಗಿಯಿತು. ಸೀಟಿನ ಬೆಲ್ಟಿಗೂ ಅಷ್ಟೇ. ಬ್ಲೀಚು, ಬಣ್ಣ, ಕಟು ದ್ರಾವಣ ತಗುಲಿದರೆ ಬೆಲ್ಟಿನ ಎಳೆಯ ಬಲ ಕುಂದಬಹುದು. ನಮ್ಮ ತಾಯಿಯವರನ್ನು ಅಂದು ಹಿಡಿದದ್ದು ಆ ಎಳೆಯೇ. ತೊಳೆದರೆ ಪೂರ್ತಿ ಎಳೆದಿಟ್ಟು ನೆರಳಿನಲ್ಲಿ ಒಣಗಿಸಿ, ಆಮೇಲೆ ಸುರುಳಿಯಾಗಲು ಬಿಡಿ.

ಇನ್ನು ಸೀಟು. ರೆಕ್ಸಿನ್ ಎಂಬುದು ಮೊದಲು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಒಂದು ಕಾರ್ಖಾನೆಯ ಬಟ್ಟೆಯ ಹೆಸರು. ಈಗ ನಮ್ಮಲ್ಲಿ ಚರ್ಮವಲ್ಲದ ಚರ್ಮಕ್ಕೆಲ್ಲ ಅದೇ ಹೆಸರಾಗಿದೆ. ಇದಕ್ಕೆ ಸೋಪಿನ ನೀರು ಸಾಕು, ಪೆಟ್ರೋಲು, ಥಿನ್ನರುಗಳು ಬೇಡ. ನಿಜವಾದ ಚರ್ಮದ ಸೀಟೆಂದು ಹೆಮ್ಮೆಪಡುವವರೂ ತಿಳಿಯಬೇಕಾದದ್ದೇನೆಂದರೆ, ಈಗಿನ ಕಾರುಗಳ ಚರ್ಮದ ಮೇಲೆ ಸಾಮಾನ್ಯವಾಗಿ ಒಂದು ತೆಳು ಪೊರೆ ಬಳಿದಿರುತ್ತದೆ. ನೀವು ತಿಕ್ಕಿದ ಎಣ್ಣೆ ಒಳಗೆ ಇಳಿಯುವುದಿಲ್ಲ, ಕೂತವರ ಪಂಚೆಗೆ ಇಳಿಯುತ್ತದೆ. ಬೂಟಿನ ಪಾಲಿಶನ್ನಂತೂ ಮುಟ್ಟಿಸಲೇಬೇಡಿ. ಬಟ್ಟೆಯ ಸೀಟಿಗೆ ನೀರು ಕಡಿಮೆ, ಗಾಳಿ ಹೆಚ್ಚು. ಒಳಗಿನ ಸ್ಪಂಜು ಒದ್ದೆಯಾಗಿ ಉಳಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಕಾಶಿಯ ಕಲೆಗಳಿಗೆ ಬೇರೆಯೇ ಶಾಸ್ತ್ರವಿದೆ. ಓಕುಳಿ ಕಲಸುವುದು ಗೊತ್ತಿರುವ ಕನ್ನಡಿಗರಿಗೆ ಅರ್ಧ ಪಾಠ ಈಗಾಗಲೇ ಬಂದಿದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದಿಲ್ಲವೆ? ಬಟ್ಟೆ ಒಗೆಯುವ ಸೋಪು, ಸೋಡಾಗಳೂ ಸುಣ್ಣದ ಜಾತಿಯ ಕ್ಷಾರಗಳೇ. ಅರಿಶಿನದ ಕಲೆಗೆ ಅವನ್ನು ಹಾಕಿದರೆ ಹಳದಿ ಹೋಗಿ ಕೆಂಪಾಗುತ್ತದೆ, ನಾವು ಗಾಬರಿಯಾಗಿ ಇನ್ನಷ್ಟು ಉಜ್ಜುತ್ತೇವೆ. ಸೌಮ್ಯವಾದ ದ್ರವ ಸೋಪಿನಿಂದ ಒತ್ತಿ ತೆಗೆದು ಬಾಗಿಲು ತೆರೆದಿಟ್ಟರೆ, ಉಳಿದದ್ದನ್ನು ಬಿಸಿಲೇ ಮಾಸಿಸುತ್ತದೆ. ಪಾನಿನ ಕಾಚಿಗೂ ಕ್ಷಾರ ಕೂಡದು. ತಣ್ಣೀರಿನಿಂದ ಒತ್ತಿ ಎತ್ತಿ, ನೀರು ಬೆರೆಸಿದ ಬಿಳಿಯ ವಿನಿಗರನ್ನು ಸ್ವಲ್ಪ ಮುಟ್ಟಿಸಿ, ಮತ್ತೆ ನೀರಿನಿಂದ ಒರೆಸಿ. ಲಸ್ಸಿ, ಹಾಲು ಚೆಲ್ಲಿದರೆ ಬಿಸಿನೀರು ಹಾಕಬೇಡಿ, ಒಡೆದು ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ತಣ್ಣೀರು, ಅದೂ ಕೂಡಲೇ. ಯಾವುದನ್ನೂ ಉಜ್ಜುವುದಲ್ಲ, ಒತ್ತುವುದು. ಯಾವ ಸೀಸೆಯಾದರೂ ಮೊದಲು ಸೀಟಿನ ಕೆಳಗೆ, ಕಾಣದ ಮೂಲೆಯಲ್ಲಿ ಪರೀಕ್ಷಿಸಿ.

ಗಾಜಿಗೆ ಮಾರುವ ದ್ರಾವಣಗಳಲ್ಲಿ ಅಮೋನಿಯ ಇರುವುದುಂಟು. ಹಾಡು, ನಕ್ಷೆ ತೋರಿಸುವ ಸ್ಪರ್ಶದ ಪರದೆಯ ಲೇಪವನ್ನು ಅದು ಕೆಡಿಸಬಹುದು. ಪರದೆಗೆ ಮೈಕ್ರೋಫೈಬರ್ ಬಟ್ಟೆ, ತುಸು ತೇವ, ಅಷ್ಟೇ. 2020ರ ಕೋವಿಡ್ ಕಾಲದಲ್ಲಿ ನಾವೆಲ್ಲ ಕಂಡಕಂಡದ್ದಕ್ಕೆ ಸ್ಯಾನಿಟೈಸರ್ ಎರಚಿದೆವು. ಅದರ ಆಲ್ಕೊಹಾಲು ತಗುಲಿ ಎಷ್ಟೋ ಸೀಟುಗಳ, ಸ್ಟಿಯರಿಂಗುಗಳ ಬಣ್ಣ ಮಾಸಿತು. ಅಲ್ಲದೆ, ಬ್ಲೀಚಿಗೆ ವಿನಿಗರನ್ನಾಗಲಿ ಅಮೋನಿಯವನ್ನಾಗಲಿ ಎಂದೂ ಬೆರೆಸಬೇಡಿ, ವಿಷದ ಗಾಳಿ ಹುಟ್ಟುತ್ತದೆ. ಏನೇ ಮಾಡಿದರೂ ನಾಲ್ಕು ಬಾಗಿಲೂ ತೆರೆದಿರಲಿ.

ಕೊನೆಯದಾಗಿ, ದುಡ್ಡಿಲ್ಲದ ರಕ್ಷಣೆ. ಅಮೆರಿಕದ ಅರಿಜೋನದಲ್ಲಿ ವಿಶ್ವವಿದ್ಯಾನಿಲಯದವರು ಬೇಸಗೆಯಲ್ಲಿ ಕಾರುಗಳನ್ನು ನಿಲ್ಲಿಸಿ ಅಳೆದು 2018ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರಿನ ಡ್ಯಾಷ್‌ಬೋರ್ಡು ಸರಾಸರಿ 69 ಡಿಗ್ರಿ ಸೆಲ್ಸಿಯಸ್, ಸ್ಟಿಯರಿಂಗ್ 53, ಸೀಟು 51. ನೆರಳಿನಲ್ಲಿ ನಿಂತ ಕಾರಿನಲ್ಲಿ ಡ್ಯಾಷ್‌ಬೋರ್ಡು ಸುಮಾರು 48 ಡಿಗ್ರಿ. ಅಂದರೆ ಒಂದು ಬೇವಿನ ಮರ ಇಪ್ಪತ್ತು ಡಿಗ್ರಿಯ ಕೆಲಸ ಮಾಡುತ್ತದೆ. ಯಾವ ಸೀಸೆಯೂ ಅಷ್ಟು ಮಾಡದು. ಮರ ಸಿಕ್ಕದಿದ್ದರೆ ಮುಂದಿನ ಗಾಜಿಗೆ ಒಳಗಿನಿಂದ ಒಡ್ಡುವ ಬೆಳ್ಳಿಬಣ್ಣದ ತಡಿಕೆ ಕೊಳ್ಳಿ. ಅದೂ ಸಿಕ್ಕದಿದ್ದರೆ ಹಳೆಯ ಬಿಳಿ ಪಂಚೆ ಹಾಸಿ. ಹೊರಡುವ ಮೊದಲು ಮಾತ್ರ ತೆಗೆಯಲು ಮರೆಯಬೇಡಿ.

ತಾಯಿಯವರು ಹದಿನೈದು ದಿನವಿದ್ದು ಊರಿಗೆ ಹೋದರು. ಸ್ಟೇಷನ್ನಿಗೆ ಹೊರಟ ಬೆಳಗ್ಗೆ, ಸೆರಗು ಸಿಕ್ಕಿಸಿಕೊಂಡು ಒದ್ದೆ ಬಟ್ಟೆಯಿಂದ ತಾವೇ ಡ್ಯಾಷ್‌ಬೋರ್ಡನ್ನು ಒರೆಸಿದರು. “ಅತ್ತೆ, ಬಿಡಿ, ನಾನು ಮಾಡ್ತೀನಿ” ಎಂದು ಸೊಸೆ ಅಂದರೂ ಬಿಡಲಿಲ್ಲ. ಒರೆಸಿ ಮುಗಿಸಿ, ಕೂರುವ ಮೊದಲು ಸೀಟನ್ನು ಅಂಗೈಯಿಂದ ಒತ್ತಿ ನೋಡಿದರು. ಜಾರಲಿಲ್ಲ. “ಈಗ ಸರಿ ಹೋಯ್ತು, ನಡಿ” ಎಂದರು. ಕಾರು ಅಂದು ಹೊಳೆಯುತ್ತಿರಲಿಲ್ಲ, ಚೊಕ್ಕಟವಾಗಿತ್ತು.

ಆ ಸೀಸೆ ಮುಕ್ಕಾಲು ತುಂಬಿದಂತೆಯೇ ನಮ್ಮ ಅಟ್ಟದ ಮೇಲಿದೆ. ದುರ್ಗಾಕುಂಡದ ರಸ್ತೆಯಲ್ಲಿ ಹೋಗುವಾಗಲೆಲ್ಲ ಆ ಹುಡುಗಿ ಎಲ್ಲಾದರೂ ಕಾಣುತ್ತಾಳೆಯೇ ಎಂದು ನೋಡುತ್ತೇವೆ. ಅವಳ ಮುಖ ನೆನಪಿಲ್ಲ; ಸೈಕಲ್ಲಿನ ಬುಟ್ಟಿಯಲ್ಲಿದ್ದ ನೀಲಿ ನೀರಿನ ಬಾಟಲಿ ಮಾತ್ರ ನೆನಪಿದೆ. ಆದುದರಿಂದ ನೀಲಿ ಬಾಟಲಿ ಕಂಡಲ್ಲೆಲ್ಲ ನಮ್ಮ ಕಾಲು ತಾನಾಗಿ ಬ್ರೇಕಿನ ಕಡೆಗೆ ಹೋಗುತ್ತದೆ. ಹೋಗಲಿ, ಒಳ್ಳೆಯ ಅಭ್ಯಾಸವೇ.

ಮುಂದಿನ ಸಂಚಿಕೆಯಲ್ಲಿ ಲಾವಂಚದ ತಟ್ಟಿ. ಈ ಸಲ ಮಾತು ತಪ್ಪುವುದಿಲ್ಲ.